ಅಪ್‌ಡೇಟ್: ಗರ್ಭಿಣಿಯಾಗಿ 20ನೇ ವಾರದಲ್ಲಿ ತೂಕ ಬರೀ 2 ಕೆಜಿ ಏರಿದೆ, ಇಷ್ಟು ಸಾಕಾ ಎಂದು ಇಲ್ಲಿ ಕೇಳಿದ್ದೆ

ಈಗ 28 ವಾರ. ತೂಕ 52.2 ಕೆಜಿ, ಶುರುವಿನಲ್ಲಿ 46 ಇತ್ತು.

ಡಾಕ್ಟರ್ ಮೊದಲು ನೋಡಿದ್ದು ನನ್ನ ಎತ್ತರ. 160 ಸೆಂ.ಮೀ.ಗೆ 46 ಕೆಜಿ ಅಂದರೆ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯಾ ಎಂದು ನೋಡುವ ಲೆಕ್ಕ) 18.5ಕ್ಕಿಂತ ಕಡಿಮೆ, ಅಂದರೆ ತೂಕ ಕಡಿಮೆ. ಅಂಥವರು ಒಟ್ಟು 12.5ರಿಂದ 18 ಕೆಜಿ ಏರಬೇಕಂತೆ. ಸಾಮಾನ್ಯ ತೂಕದವರಿಗೆ 11.5ರಿಂದ 16 ಸಾಕು. ನಾನು ನಮ್ಮ ಅಕ್ಕ ಬಸಿರಿನಲ್ಲಿ ಏರಿದ ತೂಕದ ಲೆಕ್ಕವನ್ನೇ ಹಿಡಿದುಕೊಂಡು ಸುಮ್ನೆ ಕೂತಿದ್ದೆ!

ಅತ್ತೆ ಹೇಳುವ 'ಇಬ್ಬರ ಊಟ' ಬೇಕಿಲ್ಲ. ದಿನಕ್ಕೆ ಸುಮಾರು 350 ಕ್ಯಾಲೊರಿ ಜಾಸ್ತಿ ಸಾಕು, ಅಂದರೆ ಹೆಚ್ಚುಕಡಿಮೆ ಒಂದು ರಾಗಿಮುದ್ದೆ, ಒಂದು ಮೊಟ್ಟೆ. ನನಗೆ ಒಂದೇ ಸಲ ಅಷ್ಟು ಇಳಿಯುತ್ತಿರಲಿಲ್ಲ. ಈಗ ಹನ್ನೊಂದಕ್ಕೆ ಹೆಸರುಕಾಳು ಉಸಲಿ, ಸಂಜೆ ಕಡಲೆಬೀಜ, ಬಾಳೆಹಣ್ಣು, ರಾತ್ರಿ ಹಾಲು. ತುಪ್ಪದ ಲಾಡು ಅತ್ತೆಯ ಸಮಾಧಾನಕ್ಕೆ ದಿನಕ್ಕೊಂದು (ಚೆನ್ನಾಗೂ ಇರುತ್ತದೆ, ಬಿಡಿ).

ಇನ್ನೊಂದು ತಪ್ಪು ಸಿಕ್ಕಿತು. ಕಬ್ಬಿಣದ ಮಾತ್ರೆಯನ್ನು ಕಾಫಿ ಜೊತೆ ನುಂಗುತ್ತಿದ್ದೆ. ಕಾಫಿ ಅದನ್ನು ಮೈಗೆ ಹತ್ತಲು ಬಿಡುವುದಿಲ್ಲ. ಈಗ ನಿಂಬೆ ಪಾನಕದ ಜೊತೆ.

ವಾರಕ್ಕೆ ಅರ್ಧ ಕೆಜಿ ಏರುತ್ತಿದೆ. ದಿಢೀರ್ ಅಂತ ಏರಿ ಮುಖ, ಕೈ ಊದಿಕೊಂಡರೆ ಮಾತ್ರ ತಕ್ಷಣ ಬಿಪಿ ತೋರಿಸಲು ಹೇಳಿದ್ದಾರೆ. ಸ್ಕ್ಯಾನ್‌ನಲ್ಲಿ ಮಗುವಿನ ಬೆಳವಣಿಗೆ ಸರಿಯಾಗಿದೆ. ಅವತ್ತು ಉತ್ತರಿಸಿದ ಅಕ್ಕಂದಿರಿಗೆಲ್ಲ ಥ್ಯಾಂಕ್ಸ್.