‘ಮಾಡರೇಟ್’ ಅಂದ್ರೆ ಎಷ್ಟು?

ಶಿರಸಿಯಿಂದ:
ಮಗಳು ಪಿಯುಸಿ ಓದುತ್ತಿದ್ದಾಳೆ. ಇಂಗ್ಲಿಷಿನ ‘ಮಾಡರೇಟ್’ ಪದಕ್ಕೆ ‘ಮಿತವಾದ’ ಎಂದು ಬರೆದುಕೊಟ್ಟಿದ್ದೆ. ನಿನ್ನೆ ಇಂಗ್ಲಿಷ್ ಪೇಪರಿನಲ್ಲಿ ‘ಮಾಡರೇಟ್ ರೇನ್’ ನೋಡಿ, "ಮಳೆ ಮಿತವಾಗಿ ಬರುತ್ತಾ ಅಮ್ಮ?" ಎಂದು ಕೇಳಿದಳು. ಹೇಳಲು ತಿಳಿಯಲಿಲ್ಲ. ಈ ಪದ ನಿಮಗೆ ಎಲ್ಲಿ, ಹೇಗೆ ಸಿಕ್ಕಿದೆ ತಿಳಿಸುತ್ತೀರಾ?

ಕಾರವಾರದಿಂದ:
ಅಕ್ಕಾ, ನಮ್ಮದು ಮೀನುಗಾರಿಕೆ. ನಮಗೆ ಈ ಪದ ಸಿಗುವುದು ಹವಾಮಾನದ ಮುನ್ಸೂಚನೆಯಲ್ಲಿ. ಅಲ್ಲಿ ಅದಕ್ಕೆ ಲೆಕ್ಕ ಇದೆ. 24 ಗಂಟೆಯಲ್ಲಿ 15.6ರಿಂದ 64.4 ಮಿ.ಮೀ. ಬಿದ್ದರೆ ಹವಾಮಾನ ಇಲಾಖೆಗೆ ಅದು ಮಾಡರೇಟ್. ಕನ್ನಡದಲ್ಲಿ ‘ಸಾಧಾರಣ ಮಳೆ’ ಅಂತಾರಲ್ಲ, ಅದೇ. 60 ಮಿ.ಮೀ. ಅಂದ್ರೆ ಅಂಗಳದಲ್ಲಿಟ್ಟ ಡಬ್ಬದಲ್ಲಿ ಮೂರು ಬೆರಳಿಗಿಂತ ಜಾಸ್ತಿ ನೀರು. ಅದನ್ನು ಮಿತ ಅನ್ನಲು ಬಾಯಿ ಬರುತ್ತಾ?

ಸಮುದ್ರಕ್ಕೂ ಇದೇ ಪದ. ಅಲೆ 1.25ರಿಂದ 2.5 ಮೀಟರ್ ಇದ್ದರೆ ಮಾಡರೇಟ್. ಅಂದರೆ ಸಣ್ಣ ಅಲೆಯ ‘ಸ್ಲೈಟ್’ಗಿಂತ ಮೇಲೆ, ದೊಡ್ಡ ಅಲೆಯ ‘ರಫ್’ಗಿಂತ ಕೆಳಗೆ, ಅಷ್ಟೇ. ಹೊಸದರಲ್ಲಿ ನಾನು ‘ಸಾಧಾರಣ ತಾನೆ’ ಎಂದು ಸಣ್ಣ ಪಾತಿ ದೋಣಿ ಇಳಿಸಿದ್ದೆ. ಅಲೆ ಎದ್ದಾಗ ಪಕ್ಕದ ದೋಣಿಯಲ್ಲಿ ನಿಂತವನ ತಲೆಯೂ ಕಾಣುತ್ತಿರಲಿಲ್ಲ. ಬಲೆ ಬಿಡದೆ ವಾಪಸ್ ಬಂದೆವು. ದೊಡ್ಡ ಬೋಟಿಗೆ ಅದು ಏನೂ ಅಲ್ಲ. ಯಾವುದರ ಅಳತೆ ಎಂದು ಮಗಳು ಮೊದಲು ನೋಡಲಿ.

ಕುಮಟಾದಿಂದ:
ನನಗೆ ಸಕ್ಕರೆ ಕಾಯಿಲೆ. ಡಾಕ್ಟರು ‘ಮಾಡರೇಟ್ ಆಗಿ ನಡೆಯಿರಿ’ ಅಂದಾಗ ಸುಮ್ನೆ ನಿಧಾನಕ್ಕೆ ಸುತ್ತಾಡುತ್ತಿದ್ದೆ. ಆಮೇಲೆ ಅವರೇ ಬಿಡಿಸಿ ಹೇಳಿದರು: ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಉಸಿರು ಸಾಲಬಾರದು. ಅದು ಬಿರುಸು ನಡಿಗೆ! ಊಟದ ವಿಷಯಕ್ಕೆ ಮಾತ್ರ ನಿಮ್ಮ ‘ಮಿತ’ ಸರಿಯಾಗಿ ಕೂರುತ್ತದೆ.

ಹೊನ್ನಾವರದಿಂದ:
ನಾನು ಇಂಗ್ಲಿಷ್ ಕಲಿಸುತ್ತೇನೆ. ಉಚ್ಚಾರ ಬಿಟ್ಟುಹೋಗಿದೆ, ಅಲ್ವಾ? ಗುಣ ಹೇಳುವಾಗ ಕೊನೆಯಲ್ಲಿ ‘ರಟ್’ ಎಂದು ಮೊಟಕು. ‘ತಗ್ಗಿಸು’ ಎಂಬ ಕ್ರಿಯೆಯಾದರೆ ‘ರೇಟ್’ ಎಂದು ಎಳೆಯಬೇಕು. ಇನ್ನು ಇತಿಹಾಸದಲ್ಲಿ ಇದೇ ಪದ ‘ಮಂದಗಾಮಿ’. 1907ರಲ್ಲಿ ಸೂರತ್‌ನಲ್ಲಿ ಕಾಂಗ್ರೆಸ್ ಒಡೆದಾಗ ಗೋಖಲೆಯವರ ಕಡೆಯವರನ್ನು ಹಾಗೆ ಕರೆಯುತ್ತಾರೆ. ಮಗಳು ಅದನ್ನು ಓದಿರಬಹುದು.

ನಾನು ಮಕ್ಕಳಿಗೆ ಈ ಪದದ ಮುಂದೆ ಒಂದೇ ಅರ್ಥ ಬರೆಸುವುದಿಲ್ಲ. ಮಳೆ, ಊಟ, ನಡಿಗೆ, ಬೆಲೆ ಎಂದು ನಾಲ್ಕು ವಾಕ್ಯ ಬರೆಸುತ್ತೇನೆ. ನೀವೂ ಹಾಗೇ ಮಾಡಿಸಿ ನೋಡಿ.