ಸಾರಾ ಡೆಲ್ ರೇ 31ಕ್ಕೇ ರಿಂಗ್ ಬಿಟ್ಟು ಕೋಚ್ ಆಗಿದ್ದು ನಷ್ಟ ಅಲ್ವಾ?

ಮೂಲೆಕಂಬ:
ಬಹಳ ದಿನದಿಂದ ಮನಸ್ಸಲ್ಲಿದ್ದ ಮಾತು. ಅಮೆರಿಕದ ರೆಸ್ಲರ್ ಸಾರಾ ಡೆಲ್ ರೇ, ಅಂದರೆ ಸಾರಾ ಅಮಾಟೊ, 2012ರಲ್ಲಿ ಟಿವಿ ರೆಸ್ಲಿಂಗ್‌ನ ದೊಡ್ಡ ಕಂಪನಿ ಡಬ್ಲ್ಯುಡಬ್ಲ್ಯುಇ ಸೇರಿದರು. ಆಡುವುದಕ್ಕಲ್ಲ, ಕಲಿಸುವುದಕ್ಕೆ. ಆಗ ಅವರಿಗೆ 31 ವರ್ಷ. 2007ರಲ್ಲಿ ಹೆಂಗಸರದೇ ರೆಸ್ಲಿಂಗ್ ಕಂಪನಿ ಶಿಮರ್‌ನ ಮೊದಲ ಚಾಂಪಿಯನ್ ಆದವರು. 2011ರಲ್ಲಿ ಚಿಕಾರಾ ಅನ್ನುವ ಸಣ್ಣ ಕಂಪನಿಯಲ್ಲಿ ಕ್ಲಾಡಿಯೊ ಕಾಸ್ಟನ್ಯೋಲಿಯನ್ನೇ ಸೋಲಿಸಿದವರು. ನಾವು ಮುಂದೆ ಸೆಸಾರೊ ಅಂತ ನೋಡಿದ ಅದೇ ದೈತ್ಯ. ಇಂಥವರನ್ನು ಕರೆದುಕೊಂಡು ಬಂದು ಟಿವಿಯಲ್ಲಿ ಒಂದು ಮ್ಯಾಚ್ ಕೂಡ ಆಡಿಸಲಿಲ್ಲ. ನನಗಂತೂ ಇದು ನಷ್ಟವೇ. ನೀವೇನಂತೀರಿ?

ಹಗ್ಗದಾಚೆ:
ನಾನು ಒಪ್ಪುವುದಿಲ್ಲ. ಆಗಿನ ಟಿವಿ ಹೇಗಿತ್ತು ನೆನಪಿಸಿಕೊಳ್ಳಿ. ಹೆಂಗಸರ ಮ್ಯಾಚ್ ಬಂತೆಂದರೆ ಜನ ಎದ್ದು ಹೋಗುತ್ತಿದ್ದರು. 2015ರ ಫೆಬ್ರವರಿಯಲ್ಲಿ ಕೂಡ ಡಬ್ಲ್ಯುಡಬ್ಲ್ಯುಇಯ ವಾರದ ಟಿವಿ ಶೋ ರಾದಲ್ಲಿ ಬೆಲ್ಲಾ ಸಿಸ್ಟರ್ಸ್ ಮತ್ತು ಪೇಜ್, ಎಮ್ಮಾ ಜೋಡಿಯ ಮ್ಯಾಚ್ ಸುಮಾರು 30 ಸೆಕೆಂಡಿಗೆ ಮುಗಿಯಿತು. ಸಾರಾ ಆಡಿದ್ದರೂ ಅವರಿಗೆ ಸಿಗುತ್ತಿದ್ದದ್ದು ಅಷ್ಟೇ. ಅದೇ ವರ್ಷ ಆಗಸ್ಟ್‌ನಲ್ಲಿ ಬ್ರೂಕ್ಲಿನ್‌ನಲ್ಲಿ ಬೇಯ್ಲಿ ಮತ್ತು ಸಾಶಾ ಬ್ಯಾಂಕ್ಸ್ ಆಡಿದ ಮ್ಯಾಚ್ ನೋಡಿ ನಾನು ಅತ್ತಿದ್ದೇನೆ. ಅಕ್ಟೋಬರ್‌ನಲ್ಲಿ ಅವರಿಬ್ಬರಿಗೇ 30 ನಿಮಿಷದ ಐರನ್ ಮ್ಯಾನ್ ಮ್ಯಾಚ್ (ಟೈಮ್ ಮುಗಿಯುವಷ್ಟರಲ್ಲಿ ಹೆಚ್ಚು ಸಲ ಗೆದ್ದವರದ್ದೇ ಗೆಲುವು), ಅದೂ ಮೇನ್ ಇವೆಂಟ್, ಅಂದರೆ ಆ ಶೋನ ಮುಖ್ಯ ಮ್ಯಾಚ್. ಇಬ್ಬರೂ ಸಾರಾ ಹತ್ತಿರ ಪಳಗಿದವರು.

ಮೂರನೇ ಎಣಿಕೆ:
ಸ್ವಲ್ಪ ತಡೀರಿ. ಬೇಯ್ಲಿ, ಸಾಶಾ ಇಬ್ಬರೂ ಡಬ್ಲ್ಯುಡಬ್ಲ್ಯುಇಗೆ ಬರುವ ಮೊದಲೇ ಸಣ್ಣ ಕಂಪನಿಗಳಲ್ಲಿ ಆಡಿ ಬಂದವರು. ಅವರ ಜೊತೆಯವರಾದ ಬೆಕಿ ಲಿಂಚ್ 2002ರಲ್ಲೇ ಐರ್ಲೆಂಡಿನಲ್ಲಿ ರೆಸ್ಲರ್ ಫಿನ್ ಬ್ಯಾಲರ್ ಹತ್ತಿರ ಕಲಿತವರು. ಮೈಕ್ ಹಿಡಿದು ಮಾತಾಡುವುದನ್ನು ತಿದ್ದಿದ್ದು ಹಳೇ ಸ್ಟಾರ್ ರೆಸ್ಲರ್ ಡಸ್ಟಿ ರೋಡ್ಸ್. ಹೆಂಗಸರಿಗೆ ಜಾಸ್ತಿ ಟೈಮ್ ಕೊಟ್ಟಿದ್ದು ಆಗ ಕಂಪನಿಯ ಅಧಿಕಾರಿಯಾಗಿದ್ದ ರೆಸ್ಲರ್ ಟ್ರಿಪಲ್ ಎಚ್. ಸಾರಾ ಒಳ್ಳೆಯ ಕೋಚ್, ಅನುಮಾನವೇ ಇಲ್ಲ. ಆದರೆ ಪೂರ್ತಿ ಹೆಸರು ಒಬ್ಬರಿಗೇ ಕೊಟ್ಟರೆ ಹೇಗೆ?

ಹಗ್ಗದಾಚೆ:
ಹಾಗಾದರೆ ಶಾರ್ಲೆಟ್? 2012ರಲ್ಲಿ ಬಂದಾಗ ಅವರಿಗೆ ಗೊತ್ತಿದ್ದದ್ದು ಕಾಲೇಜಿನ ವಾಲಿಬಾಲ್. ಹೆಸರಾಂತ ರೆಸ್ಲರ್ ರಿಕ್ ಫ್ಲೇರ್ ಮಗಳು ಅಂದರೆ ಬಾಗಿಲು ತೆಗೆಯುತ್ತದೆ, ಸರಿ. ಬೀಳುವುದನ್ನು ಯಾರಾದರೂ ಕೂತು ಕಲಿಸಲೇಬೇಕಲ್ವಾ? 2014ರ ಮೇ ತಿಂಗಳಲ್ಲಿ ನಟಾಲ್ಯಾ ಜೊತೆ ಆಡಿದ ಟೈಟಲ್ ಮ್ಯಾಚ್ ನೋಡಿ. ಎರಡೇ ವರ್ಷ! ಬೆಕಿ ಕೂಡ 2006ರಲ್ಲಿ ತಲೆಗೆ ಪೆಟ್ಟಾಗಿ ವರ್ಷಗಟ್ಟಲೆ ದೂರ ಇದ್ದು, 2013ರಲ್ಲಿ ಬಂದು ಮತ್ತೆ ಶುರು ಮಾಡಿದವರು.

ಹಳೇ ಮ್ಯಾಟ್:
ನಾನು ಒಂದೂವರೆ ವರ್ಷ ರೆಸ್ಲಿಂಗ್ ಕಲಿತವನು, ಅದಕ್ಕೇ ಬರೆಯುತ್ತಿದ್ದೇನೆ. ರಿಂಗ್ ನೆಲ ಮೆತ್ತಗಿರುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಕಬ್ಬಿಣದ ಚೌಕಟ್ಟು, ಮೇಲೆ ಮರದ ಹಲಗೆ, ತೆಳ್ಳನೆ ಫೋಮ್, ಕ್ಯಾನ್ವಾಸ್, ಇಷ್ಟೇ. ಬೀಳುವಾಗ ಗದ್ದ ಎದೆಗೆ ಒತ್ತಿರಬೇಕು, ಇಲ್ಲದಿದ್ದರೆ ತಲೆಯ ಹಿಂಭಾಗ ಹೋಗಿ ಹೊಡೆಯುತ್ತದೆ. ಬೆನ್ನು ಪೂರ್ತಿ ಒಟ್ಟಿಗೆ ತಾಗಬೇಕು, ಕೈಯಿಂದ ನೆಲ ಬಡಿಯಬೇಕು. ಹಗ್ಗಕ್ಕೆ ಓಡಿ ಓಡಿ ಮೊದಲ ವಾರವೇ ಕಂಕುಳ ಕೆಳಗೆ ನೀಲಿಗಟ್ಟುತ್ತದೆ.

ನನ್ನ ಮೊದಲ ಟ್ರೈನರ್ ಅದ್ಭುತ ಆಟಗಾರ. ಆದರೆ "ನಾನು ಮಾಡಿದ ಹಾಗೆ ಮಾಡು" ಅನ್ನುವುದು ಬಿಟ್ಟು ಅವರಿಗೆ ಬೇರೆ ಮಾತು ಬರುತ್ತಿರಲಿಲ್ಲ. ನನ್ನ ಕತ್ತು ಉಳುಕಿತು, ಎರಡು ತಿಂಗಳು ಮಲಗಿದೆ. ಎರಡನೆಯವರು ಹೆಸರು ಮಾಡಿದವರಲ್ಲ. ಅವರು ನನ್ನ ಪಾದ ಮಾತ್ರ ನೋಡುತ್ತಿದ್ದರು. "ಎಡಗಾಲು ತಡವಾಗುತ್ತಿದೆ, ಅದಕ್ಕೇ ಕತ್ತು ಬಿಗಿಯುತ್ತೀಯ" ಅಂದರು. ಅದೇ ದಿನ ಸರಿಹೋಯಿತು! ಆಡುವ ಪಟ್ಟುಗಳು ಬೇರೆ, ಇನ್ನೊಬ್ಬರ ಮೈಯಲ್ಲಿರುವ ತಪ್ಪು ಕಾಣುವ ಕಣ್ಣು ಬೇರೆ. ಎರಡೂ ಇರುವವರು ಸಿಗುವುದೇ ಅಪರೂಪ. ಸಾರಾ ಮುಂದೆ ಮುಖ್ಯ ಕೋಚ್ ಮ್ಯಾಟ್ ಬ್ಲೂಮ್ ಕೆಳಗೆ ಸಹಾಯಕ ಮುಖ್ಯ ಕೋಚ್ ಆಗಿದ್ದು ಸುಮ್ನೆ ಅಲ್ಲ.

ಮೂರನೇ ಎಣಿಕೆ:
ಇದನ್ನು ಒಪ್ಪುತ್ತೇನೆ. ಹಳೇ ರೆಸ್ಲರ್ ಫಿಟ್ ಫಿನ್ಲೇ ಕೂಡ ಹೀಗೇ ಅಲ್ವಾ? 2001ರಿಂದ ತೆರೆಯ ಹಿಂದೆ ಹೆಂಗಸರ ಮ್ಯಾಚ್‌ಗಳನ್ನು ತಿದ್ದಿ ತೀಡಿದರು. 2004ರಲ್ಲಿ ಟ್ರಿಶ್ ಮತ್ತು ಲೀಟಾ ರಾ ಶೋನಲ್ಲಿ ಮೇನ್ ಇವೆಂಟ್ ಆಡಿದ್ದು ಆ ಕಾಲದಲ್ಲೇ. ಆಮೇಲೆ 2006ರಲ್ಲಿ ತಾವೇ ರಿಂಗಿಗೆ ಬಂದು ಯುನೈಟೆಡ್ ಸ್ಟೇಟ್ಸ್ ಚಾಂಪಿಯನ್ ಆದರು.

ಮೂಲೆಕಂಬ:
ನಾನು ಹೇಳುತ್ತಿರುವುದೂ ಅದನ್ನೇ! ಫಿನ್ಲೇಗೆ 48ನೇ ವಯಸ್ಸಲ್ಲಿ ಬೆಲ್ಟ್ ಸಿಕ್ಕಿತು. ಕಲಿಸಿದರೆ ಆಡಬಾರದು ಅಂತ ಅವರಿಗೆ ಯಾರೂ ಹೇಳಲಿಲ್ಲ. 2018ರ ಅಕ್ಟೋಬರ್‌ನಲ್ಲಿ ಡಬ್ಲ್ಯುಡಬ್ಲ್ಯುಇಯ ಎವಲ್ಯೂಷನ್ ನಡೆಯಿತು, ಪೂರ್ತಿ ಹೆಂಗಸರದೇ ಶೋ. ಎಲ್ಲರೂ ಒಟ್ಟಿಗೆ ಇಳಿಯುವ ಬ್ಯಾಟಲ್ ರಾಯಲ್‌ಗೆ ಮಾಲಿ ಹಾಲಿ, ಐವರಿ ಥರದ ಹಳಬರನ್ನು ಕರೆದರು. ಆ ರಿಂಗಲ್ಲಿ ಇಳಿದ ಎಷ್ಟೋ ಹುಡುಗಿಯರಿಗೆ ಕಲಿಸಿದವರಿಗೆ ಒಂದು ಜಾಗ ಇರಲಿಲ್ಲವಾ? ಕೋಚ್ ಆಗಿದ್ದು ತಪ್ಪು ಅಂತ ಇನ್ನು ಹೇಳುವುದಿಲ್ಲ, ಹಳೇ ಮ್ಯಾಟ್ ಮಾತು ಓದಿ ಅದು ಬದಲಾಯಿತು. ಆದರೆ ಆ ರಾತ್ರಿಯ ಬಗ್ಗೆ ನನ್ನ ಬೇಸರ ಹಾಗೇ ಇದೆ.

ಹಗ್ಗದಾಚೆ:
ಎವಲ್ಯೂಷನ್ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ಅವರ ಹೆಸರು ಕರೆದು, ಆ ಜನ ಎದ್ದು ನಿಂತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಈಗ ಆ ಕ್ಲಾಡಿಯೊ ಮ್ಯಾಚ್ ಹುಡುಕುತ್ತೇನೆ, ನಾನಿನ್ನೂ ನೋಡಿಲ್ಲ.