ಶಿಫ್ಟಿಗೆ 600 ಅಲಾರಂ: ನಿಮ್ಮ ಪ್ಲಾಂಟಿನಲ್ಲಿ ಹೇಗೆ ಇಳಿಸಿದಿರಿ?

ಹೊಸ ಪ್ಯಾನೆಲ್: ನಮ್ಮದು ಬೆಳಗಾವಿ ಕಡೆಯ ಡಿಸ್ಟಿಲರಿ. ಡಿಸಿಎಸ್ (ಇಡೀ ಪ್ಲಾಂಟನ್ನು ಕಂಪ್ಯೂಟರ್ ಪರದೆಯಿಂದ ನಡೆಸುವ ಕಂಟ್ರೋಲ್ ಸಿಸ್ಟಮ್) ಹಾಕಿಸಿ ಎರಡು ವರ್ಷವಾಯಿತು. ಎಂಟು ಗಂಟೆಯ ಶಿಫ್ಟಿನಲ್ಲಿ 600 ಅಲಾರಂ ಬರುತ್ತಿವೆ. ಸರಿಪಡಿಸಲು ಹೊರಗಿನವರನ್ನು ಕರೆಸುವುದೋ, ನಾವೇ ಕೂತು ಮಾಡುವುದೋ? ಅನುಭವ ಇದ್ದವರು ಹೇಳಿ.

ಕಡಲತೀರ ಶಿಫ್ಟ್: ಹೊರಗಿನವರನ್ನು ಮಾತ್ರ ಕರೆಸಬೇಡಿ. ನಾವು 18 ಲಕ್ಷ ಕೊಟ್ಟೆವು. ಅದರ ಮೇಲೆ ಜಿಎಸ್‌ಟಿ, ಇಬ್ಬರ ಗೆಸ್ಟ್‌ಹೌಸ್, ನಾಲ್ಕು ತಿಂಗಳು ಕಾರು. 4,200 ಟ್ಯಾಗುಗಳ (ಸಿಸ್ಟಮ್ಮಿನಲ್ಲಿ ಒಂದೊಂದು ಅಳತೆಗೂ ಇರುವ ಹೆಸರು) ಅಲಾರಂ ಸೆಟ್ಟಿಂಗಿನ ಎಕ್ಸೆಲ್ ಶೀಟ್ ಮಾಡಿ ಕೊಟ್ಟು ಹೋದರು. ಅದನ್ನು ಸಿಸ್ಟಮ್ಮಿಗೆ ಲೋಡ್ ಮಾಡುವುದು ಅವರ ಆರ್ಡರಿನಲ್ಲೇ ಇರಲಿಲ್ಲ! ಅದಕ್ಕೆ ಡಿಸಿಎಸ್ ಕಂಪನಿಯವರು ಬೇರೆ 6 ಲಕ್ಷ ಕೇಳಿದರು. ಫೈಲು ಇನ್ನೂ ನನ್ನ ಬೀರುವಿನಲ್ಲಿದೆ.

ಲೂಪ್‌ಚೆಕ್: ನಾವೇ ಮಾಡಿದೆವು, ಹೆಮ್ಮೆಯಿಂದ ಹೇಳುತ್ತೇನೆ. ಪ್ರತಿ ಬುಧವಾರ ಮಧ್ಯಾಹ್ನ ಆಪರೇಟರ್, ಪ್ರೊಸೆಸ್, ಇನ್‌ಸ್ಟ್ರುಮೆಂಟ್ ಮೂವರೂ ಕೂರುತ್ತಿದ್ದೆವು. 11 ತಿಂಗಳು ಹಿಡಿಯಿತು. ಓವರ್‌ಟೈಮ್ 2 ಲಕ್ಷ 40 ಸಾವಿರ. ಮೊದಲು ಜಾಸ್ತಿ ಬಡಿದುಕೊಳ್ಳುವ ಹತ್ತನ್ನು ಹಿಡಿದೆವು. ಕಂಡೆನ್ಸೇಟ್ ಟ್ಯಾಂಕಿನ ಲೆವೆಲ್ ಒಂದೇ ದಿನಕ್ಕೆ 900 ಸಲ ಬರುತ್ತಿತ್ತು. ಡೆಡ್‌ಬ್ಯಾಂಡ್, ಅಂದರೆ ಬಂದ ಅಲಾರಂ ಹೋಗಲು ಲೆವೆಲ್ ಎಷ್ಟು ಹಿಂದೆ ಸರಿಯಬೇಕು ಅನ್ನುವುದು, ಅರ್ಧ ಪರ್ಸೆಂಟ್ ಇತ್ತು, ನೀರು ಸ್ವಲ್ಪ ಅಲುಗಿದರೂ ಅಲಾರಂ. 5 ಪರ್ಸೆಂಟ್ ಮಾಡಿ 60 ಸೆಕೆಂಡ್ ಡಿಲೇ (ಮಿತಿ ದಾಟಿ ಅಷ್ಟು ಹೊತ್ತು ಹಾಗೇ ಇದ್ದರೆ ಮಾತ್ರ ಅಲಾರಂ) ಕೊಟ್ಟೆವು, ನಿಂತಿತು. ಅಲಾರಂ ಬಗೆಗಿನ ಮಾರ್ಗದರ್ಶಿ ಇಇಎಂಯುಎ 191 ಹೇಳುವುದು ಹತ್ತು ನಿಮಿಷಕ್ಕೆ ಒಂದು ಅಲಾರಂ, ಅಂದರೆ ಶಿಫ್ಟಿಗೆ 48. ನಾವೀಗ 70ರಲ್ಲಿದ್ದೇವೆ.

ಬಾಯ್ಲರ್ ಮನೆ: ಈ 60 ಸೆಕೆಂಡಿನ ಮಾತು ಕೇಳಿದರೆ ಮೈ ಉರಿಯುತ್ತದೆ. ನಮ್ಮಲ್ಲೂ ಒಬ್ಬರು ಪಟ್ಟಿ ನೋಡಿ ಎಲ್ಲಾ ಲೆವೆಲ್ಲಿಗೂ ಅದನ್ನೇ ಹಾಕಿದರು, ಬಾಯ್ಲರಿನ ನೀರು-ಹಬೆ ಬೇರೆಯಾಗುವ ಸ್ಟೀಮ್ ಡ್ರಮ್ಮಿಗೂ. ಅದಕ್ಕೆ ನೀರು ಕೊಡುವ ಫೀಡ್ ಪಂಪ್ ಟ್ರಿಪ್ ಆಯಿತು. ಲೋ ಅಲಾರಂ ಬರುವ ಮೊದಲೇ ಲೋ-ಲೋ (ಬಾಯ್ಲರನ್ನೇ ನಿಲ್ಲಿಸುವ ಇನ್ನೂ ಕೆಳಗಿನ ಮಟ್ಟ) ಬಂದು ಬಾಯ್ಲರ್ ನಿಂತಿತು, ಹಿಂದೆಯೇ ಟರ್ಬೈನ್. 11 ಗಂಟೆ ಹೋಯಿತು. ಮೆಮೋ ಬಂದಿದ್ದು ನನಗೆ. ಕೂತು ಸೆಟ್ಟಿಂಗ್ ಬದಲಿಸಿದವರಿಗಲ್ಲ.

ಲೂಪ್‌ಚೆಕ್: ಡ್ರಮ್ಮಿಗೂ ಹಾಕಿ ಅಂತ ನಾನೆಲ್ಲಿ ಹೇಳಿದೆ ಸ್ವಾಮಿ? ಅಲಾರಂ ಬಂದ ಮೇಲೆ ಆಪರೇಟರಿಗೆ ಕೈಯಾಡಿಸಲು ಎಷ್ಟು ಹೊತ್ತು ಸಿಗುತ್ತದೆ ಅಂತ ಟ್ಯಾಗ್ ಟ್ಯಾಗಿಗೂ ಕೇಳಬೇಕು. 11 ತಿಂಗಳು ಅದಕ್ಕೇ ಹಿಡಿದಿದ್ದು. ಹಾಗಂತ ಕಡಿಮೆ ಮಾಡದೆ ಬಿಡೋಕಾಗುತ್ತದಾ? 1994ರ ಜುಲೈನಲ್ಲಿ ವೇಲ್ಸ್‌ನ ಮಿಲ್ಫರ್ಡ್ ಹೇವನ್ ರಿಫೈನರಿ ಸ್ಫೋಟಕ್ಕೆ ಮುಂಚಿನ 11 ನಿಮಿಷದಲ್ಲಿ ಇಬ್ಬರು ಆಪರೇಟರುಗಳ ಮುಂದೆ 275 ಅಲಾರಂ ಬಂದಿದ್ದವು. ಯಾವುದನ್ನು ನೋಡುತ್ತಾರೆ ಪಾಪ?

ಕಡಲತೀರ ಶಿಫ್ಟ್: 70 ಅಂತೀರಲ್ಲ, ಆ ಲೆಕ್ಕಕ್ಕೆ ಬರದ ಹಾಗೆ ಶೆಲ್ವ್ ಮಾಡಿಟ್ಟಿದ್ದು, ಅಂದರೆ ತಾತ್ಕಾಲಿಕವಾಗಿ ಬಾಯಿ ಮುಚ್ಚಿಸಿಟ್ಟಿದ್ದು, ಎಷ್ಟು? ನಮ್ಮಲ್ಲಿ ಶೆಲ್ವ್ ಮಾಡಿದ್ದನ್ನು ಶಿಫ್ಟ್ ಬದಲಾದಾಗ ಯಾರೂ ಹೇಳುವುದಿಲ್ಲ. ಒಂದು ಪ್ರೆಶರ್ ಟ್ಯಾಗ್ ಮೂರು ವಾರ ಹಾಗೇ ಬಿದ್ದಿತ್ತು.

ಲೂಪ್‌ಚೆಕ್: ನಮ್ಮಲ್ಲಿ ಶೆಲ್ವ್ ಮಾಡಿದ್ದು ಎಂಟು ಗಂಟೆ ಕಳೆದರೆ ತಾನಾಗಿಯೇ ವಾಪಸ್ ಬರುತ್ತದೆ. ಸುಮ್ನೆ ಅನುಮಾನ ಪಡಬೇಡಿ.

ಬಾಯ್ಲರ್ ಮನೆ: ಶೆಲ್ವಿಂಗ್ ಇಲ್ಲದ ಕಾಲದಲ್ಲಿ ಬಜರ್ ಬಾಯಿಗೆ ಕಾಟನ್ ವೇಸ್ಟ್ ತುರುಕಿ ಕಪ್ಪು ಟೇಪ್ ಸುತ್ತುತ್ತಿದ್ದೆವು. ನಮ್ಮ ಹಳೇ ಪ್ಯಾನೆಲ್ಲಿನಲ್ಲಿ ಆ ಟೇಪಿನ ಅಂಟು ಇನ್ನೂ ಇದೆ.

ಕಡಲತೀರ ಶಿಫ್ಟ್: ಅದನ್ನು ಹೀಗೆ ಬರೆಯುತ್ತೀರಲ್ಲ, ತಪ್ಪಲ್ವಾ ಅದು?

ಬಾಯ್ಲರ್ ಮನೆ: ತಪ್ಪೇ. ಹನ್ನೆರಡು ಗಂಟೆ ಅದರ ಕೆಳಗೆ ಕೂತವರಿಗೆ ಬೇರೆ ದಾರಿ ಯಾರು ಕೊಟ್ಟಿದ್ದರು ಹೇಳಿ.

ಹೊಸ ಪ್ಯಾನೆಲ್: ಬಾಯ್ಲರ್ ಅಣ್ಣಾ, ಡ್ರಮ್ಮಿಗೆ ಈಗ ಎಷ್ಟು ಡಿಲೇ ಇಟ್ಟಿದ್ದೀರಿ?

ಬಾಯ್ಲರ್ ಮನೆ: 2 ಸೆಕೆಂಡ್. ನನ್ನ ಸಹಿ ಇಲ್ಲದೆ ಅದನ್ನು ಯಾರೂ ಮುಟ್ಟುವ ಹಾಗಿಲ್ಲ.